ಡೀಸೆಲ್ ಲಾರಿಯೂ ಕರಿದ ಎಣ್ಣೆಯೂ

‘ಎಣ್ಣೆ’ ಎಂಬ ಮಾತು ‘ಎಳ್’, ‘ನೆಯ್’ ಎಂಬೆರಡು ಶಬ್ದಗಳು ಕೂಡಿ ಆದುದು. ಎಳ್ಳಿನ ನೆಯ್ಯೇ ಎಣ್ಣೆ. ಸಂಸ್ಕೃತದ ‘ತೈಲ’ವೂ ಹಾಗೆಯೇ ‘ತಿಲ’ದಿಂದ ಹುಟ್ಟಿತು. ಲ್ಯಾಟಿನಿನ ‘ಓಲಿಯಮ್’ ಎಂಬುದು ಗ್ರೀಕರಲ್ಲಿ ಆಲಿವ್ ಮರಕ್ಕಿದ್ದ ಹೆಸರಿನಿಂದ ಬಂದುದು. ಇಂಗ್ಲಿಷಿನ ‘ಆಯಿಲ್’ ಮೊದಲಾದುವು ಅದರ ಸಂತತಿ. ನೆಲದಾಳದಿಂದ ಉಕ್ಕಿದ ಕರಿಯ ದ್ರವವೊಂದು ಜನರ ಬಳಕೆಗೆ ಬಂದಾಗ ಅದಕ್ಕೆ ಹೊಸ ಹೆಸರನ್ನು ಹುಡುಕುವ ಗೊಡವೆಗೆ ಹಲವು ಭಾಷೆಗಳು ಹೋಗಲಿಲ್ಲ. ಯೂರೋಪಿನವರು ಅದನ್ನು ಕಲ್ಲಿನ ಓಲಿಯಮ್ಮೆಂಬ ಅರ್ಥದಲ್ಲಿ ‘ಪೆಟ್ರೋಲಿಯಮ್’ ಎಂದರು. ಅದರಿಂದ ಇಳಿಸಿದ ದೀಪದ ದ್ರವವನ್ನು ಕನ್ನಡಿಗರು ‘ಸೀಮೆಯೆಣ್ಣೆ’ ಎಂದರು. ಬೀಜವನ್ನು ಹಿಂಡಿ ತೆಗೆದುದರ ಹೆಸರನ್ನು ಬಂಡೆಯ ನಡುವಣಿಂದ ಬಂದುದು ಕಡವಾಗಿ ಪಡೆದುಕೊಂಡಿತು.

ಹೆಸರಿನ ಈ ಸಾಲವನ್ನು ತೀರಿಸಿಕೊಳ್ಳುವುದಕ್ಕೋ ಎಂಬಂತೆ, ಖನಿಜತೈಲದಿಂದ ಓಡುವುದಕ್ಕಾಗಿ ನಿರ್ಮಿಸಿದ ಡೀಸೆಲ್ ಲಾರಿಗಳನ್ನು ಬೀಜದೆಣ್ಣೆಯಿಂದ, ಅದರಲ್ಲಿಯೂ ಅಡಿಗೆಮನೆಯಲ್ಲಿ ಕರಿದು ಬಿಸಾಡಿದ ಎಣ್ಣೆಯಿಂದ, ಓಡಿಸುವ ಪ್ರಯತ್ನವು ಅನೇಕ ದೇಶಗಳಲ್ಲಿ ನಡೆದಿದೆ. ಇಪ್ಪತ್ತೊಂದನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿಯೂ ಜರ್ಮನಿಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಇದು ಸಾಕಷ್ಟು ಪ್ರಚಾರಕ್ಕೆ ಬಂದಿತು. ಹಾಗೆ ಮಾರ್ಪಡಿಸಿದ ಲಾರಿ ಹಾದುಹೋದ ಬೀದಿಯಲ್ಲಿ ಬೋಂಡದ ಬಾಣಲೆಯ ವಾಸನೆ ನಿಲ್ಲುವುದೆಂದು ನೋಡಿದವರು ನಗುವುದುಂಟು. ಆದರೆ ಹೆಸರಿನಲ್ಲಿ ಕಾಣುವ ನಂಟು ವಸ್ತುಗಳ ಗುಣದಲ್ಲಿ ಎಷ್ಟರಮಟ್ಟಿಗೆ ಉಂಟು, ಎಲ್ಲಿ ಅದು ಮುರಿದುಬೀಳುತ್ತದೆ ಎಂಬುದು ನಗೆಯಿಂದ ತೀರುವ ಪ್ರಶ್ನೆಯಲ್ಲ. ಅದನ್ನು ತಿಳಿಯದೆ ಕೈಹಾಕಿದವರ ಎಂಜಿನುಗಳು ಕೆಲವೇ ತಿಂಗಳುಗಳಲ್ಲಿ ಕೆಟ್ಟು ನಿಂತಿವೆ. ತಿಳಿದು ಮಾಡಿದವರ ವಾಹನಗಳು ಹಲವು ವರ್ಷ ಓಡಿವೆ.

ಮೊದಲು ಒಂದು ದಂತಕಥೆಯನ್ನು ವಿಚಾರಿಸಬೇಕಾಗಿದೆ. ರೂಡಾಲ್ಫ್ ಡೀಸೆಲನು ತನ್ನ ಯಂತ್ರವನ್ನು ಕಡಲೆಕಾಯಿ ಎಣ್ಣೆಗಾಗಿಯೇ ನಿರ್ಮಿಸಿದನು, ಖನಿಜತೈಲದ ವ್ಯಾಪಾರಿಗಳು ಬಳಿಕ ಅದನ್ನು ತಮ್ಮ ವಶಮಾಡಿಕೊಂಡರು ಎಂದು ಅನೇಕರು ಹೇಳುತ್ತಾರೆ, ಬರೆಯುತ್ತಾರೆ. ೧೮೯೩ನೆಯ ಇಸವಿ ಆಗಸ್ಟ್ ೧೦ರಂದು ಆತನ ಎಂಜಿನು ಕಡಲೆಕಾಯಿ ಎಣ್ಣೆಯಿಂದ ಓಡಿತೆಂಬುದು ಇದೇ ಕಥೆಯ ಇನ್ನೊಂದು ರೂಪ. ಭಾರತದಲ್ಲಿ ೨೦೧೫ರಿಂದ ಪ್ರತಿವರ್ಷವೂ ಆಗಸ್ಟ್ ೧೦ನ್ನು ವಿಶ್ವ ಜೈವಿಕ ಇಂಧನ ದಿನವೆಂದು ಆಚರಿಸುತ್ತಿರುವುದಕ್ಕೂ ಇದನ್ನೇ ಕಾರಣವಾಗಿ ಹೇಳುವುದುಂಟು. ದಾಖಲೆಗಳು ಹೇಳುವುದು ಬೇರೆ. ಡೀಸೆಲನು ೧೮೯೨ರಲ್ಲಿ ಜರ್ಮನಿಯಲ್ಲಿ ಸಲ್ಲಿಸಿದ ಹಕ್ಕುಪತ್ರದ ಅರ್ಜಿಯಲ್ಲಿಯೂ, ೧೮೯೩ರಲ್ಲಿ ಪ್ರಕಟಿಸಿದ ತನ್ನ ಸಿದ್ಧಾಂತಗ್ರಂಥದಲ್ಲಿಯೂ ಆತನ ಮನಸ್ಸಿನಲ್ಲಿದ್ದುದು ಉಷ್ಣವನ್ನು ಆದಷ್ಟು ಕಡಿಮೆ ವ್ಯರ್ಥಮಾಡುವ ಯಂತ್ರ. ಯಾವ ಇಂಧನವಾದರೂ ಆಗಬಹುದಾಗಿತ್ತು, ಕಲ್ಲಿದ್ದಲ ಪುಡಿಯೂ ಸಹ. ಔಗ್ಸ್‌ಬುರ್ಗ್ ನಗರದ ಕಾರ್ಖಾನೆಯಲ್ಲಿ ೧೮೯೩ರ ಆಗಸ್ಟ್ ೧೦ರಂದು ಮೊದಲ ಮಾದರಿಯಲ್ಲಿ ದಹನವು ನಡೆದುದೇನೋ ನಿಜ. ಆದರೆ ಆ ದಿನ ಬಳಸಿದ ಇಂಧನ ಪೆಟ್ರೋಲು, ಮತ್ತು ಆ ಯಂತ್ರವು ತನ್ನ ಶಕ್ತಿಯಿಂದ ತಾನೇ ಓಡಲಿಲ್ಲ. ಹಾಗೆ ಓಡಿದುದು ೧೮೯೪ರ ಫೆಬ್ರವರಿ ೧೭ರಂದು, ಅದೂ ಸುಮಾರು ಒಂದು ನಿಮಿಷದ ಮಟ್ಟಿಗೆ. ೧೮೯೭ರಲ್ಲಿ ಪ್ರೊಫೆಸರ್ ಮೋರಿಟ್ಸ್ ಶ್ರೋಟರನು ಪರೀಕ್ಷಿಸಿದಾಗ ಯಂತ್ರವು ಇಂಧನದ ಉಷ್ಣದಲ್ಲಿ ನೂರಕ್ಕೆ ೨೬ ಭಾಗಕ್ಕಿಂತ ತುಸು ಹೆಚ್ಚನ್ನು ಕೆಲಸವಾಗಿ ಪರಿವರ್ತಿಸಿತು. ಆ ಕಾಲದ ಉಗಿಯಂತ್ರಗಳು ಇದರ ಹತ್ತಿರಕ್ಕೂ ಬರುತ್ತಿರಲಿಲ್ಲ.

ಕಡಲೆಕಾಯಿ ಎಣ್ಣೆಯ ಕಥೆಗೆ ಆಧಾರವೇ ಇಲ್ಲವೆಂದಲ್ಲ. ೧೯೦೦ನೆಯ ಇಸವಿಯಲ್ಲಿ ಪ್ಯಾರಿಸಿನ ವಸ್ತುಪ್ರದರ್ಶನದಲ್ಲಿ ಫ್ರಾನ್ಸಿನ ಆಟೋ ಕಂಪೆನಿಯವರು ಒಂದು ಸಣ್ಣ ಡೀಸೆಲ್ ಎಂಜಿನನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಿದರು. ಅದಕ್ಕೆ ಪ್ರೇರಣೆ ಫ್ರೆಂಚ್ ಸರಕಾರದ್ದು. ಆಫ್ರಿಕದ ತಮ್ಮ ವಸಾಹತುಗಳಲ್ಲಿ ಕಡಲೆಕಾಯಿ ಯಥೇಚ್ಛವಾಗಿ ಬೆಳೆಯುತ್ತಿದ್ದುದರಿಂದ, ಕಲ್ಲಿದ್ದಲನ್ನೂ ಖನಿಜತೈಲವನ್ನೂ ಹಡಗಿನಲ್ಲಿ ಸಾಗಿಸದೆ ಅಲ್ಲಿಯೇ ಯಂತ್ರಶಕ್ತಿಯನ್ನು ಪಡೆಯಬಹುದೇ ಎಂಬುದು ಆ ಸರಕಾರದ ಲೆಕ್ಕಾಚಾರವಾಗಿದ್ದಿತು. ಡೀಸೆಲನು ೧೯೧೨ರಲ್ಲಿ ತನ್ನ ಭಾಷಣಗಳಲ್ಲಿ ಈ ಸಂಗತಿಯನ್ನು ಸ್ಮರಿಸಿ, ಖನಿಜತೈಲಕ್ಕಾಗಿ ಕಟ್ಟಿದ ಆ ಯಂತ್ರವು ಯಾವ ಮಾರ್ಪಾಟೂ ಇಲ್ಲದೆ ಸಸ್ಯತೈಲದಿಂದ ಓಡಿತೆಂದೂ, ಪ್ರದರ್ಶನದಲ್ಲಿ ಇದನ್ನು ಗಮನಿಸಿದವರು ಬಹು ಕೆಲವರೆಂದೂ ತಿಳಿಸಿದನು. ಮರುವರ್ಷ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೋಗುತ್ತ ಹಡಗಿನಿಂದ ಕಾಣೆಯಾಗಿ ತೀರಿಕೊಂಡುದರಿಂದ ಆತನಿಗೆ ಈ ವಿಚಾರವನ್ನು ಮುಂದುವರಿಸುವ ಅವಕಾಶವೇ ದೊರೆಯಲಿಲ್ಲ.

ಈಗ ವಿಚಾರಮಾಡತಕ್ಕ ಅಂಶವಿದು. ೧೯೦೦ರ ಎಂಜಿನು ಮಾರ್ಪಾಟಿಲ್ಲದೆ ಕಡಲೆಕಾಯಿ ಎಣ್ಣೆಯನ್ನು ಸುಟ್ಟಿತಾದರೆ, ನೂರು ವರ್ಷಗಳ ಬಳಿಕ ಅದೇ ಹೆಸರಿನ ಎಂಜಿನಿರುವ ಲಾರಿಗೆ ಎರಡನೆಯ ತೊಟ್ಟಿ, ಬಿಸಿನೀರಿನ ಕೊಳವೆ, ಕವಾಟ ಮುಂತಾದುವನ್ನೆಲ್ಲ ಏಕೆ ಜೋಡಿಸಬೇಕಾಯಿತು? ದಂತಕಥೆಯನ್ನು ನಂಬುವವರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ.

ಡೀಸೆಲ್ ಎಂಜಿನಿನಲ್ಲಿ ಕಿಡಿಹಾರಿಸುವ ಸಾಧನವಿಲ್ಲ. ಪಿಸ್ಟನ್ನು ಸಿಲಿಂಡರಿನೊಳಗಿನ ಗಾಳಿಯನ್ನು ಅದರ ಮೊದಲ ಗಾತ್ರದ ಹದಿನಾರರಲ್ಲೊಂದು, ಇಪ್ಪತ್ತರಲ್ಲೊಂದು ಭಾಗಕ್ಕೆ ಒತ್ತುತ್ತದೆ. ಹೀಗೆ ಒತ್ತಿದ ಗಾಳಿಯು ಐದುನೂರು ಡಿಗ್ರಿ ಸೆಂಟಿಗ್ರೇಡಿಗೂ ಮೀರಿ ಕಾಯುತ್ತದೆ. ಆ ಕ್ಷಣದಲ್ಲಿ ಇಂಧನವನ್ನು ಒಳಕ್ಕೆ ಚಿಮ್ಮಿಸಿದರೆ ಅದು ತಾನಾಗಿ ಹೊತ್ತಿಕೊಳ್ಳುವುದು. ಆದರೆ ಇಂಧನವು ಧಾರೆಯಾಗಿ ಬಿದ್ದರೆ ಸಾಲದು, ಮಂಜಿನಂತೆ ಒಡೆದು ಹರಡಬೇಕು. ಹನಿ ಸಣ್ಣದಾದಷ್ಟೂ ಗಾಳಿಯೊಡನೆ ಬೇಗ ಬೆರೆಯುವುದು, ಪೂರ್ತಿಯಾಗಿ ಉರಿಯುವುದು. ದಪ್ಪ ಹನಿಯ ಹೊರಭಾಗ ಉರಿದು ಒಳಭಾಗ ಕರಕಲಾಗಿ ಉಳಿಯುವುದು. ದೀಪದ ಬತ್ತಿಯ ತುದಿಯಲ್ಲಿ ಕಟ್ಟುವ ಕುಡಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಡೀಸೆಲನ ಕಾಲದ ಯಂತ್ರಗಳಲ್ಲಿ ಇಂಧನವನ್ನು ಹೀಗೆ ಒಡೆಯುತ್ತಿದ್ದುದು ಗಾಳಿ. ಬೇರೊಂದು ಸಂಪೀಡಕವು ಗಾಳಿಯನ್ನು ಬಲವಾಗಿ ಒತ್ತಿ ಸಿದ್ಧವಾಗಿಟ್ಟಿರುತ್ತಿದ್ದಿತು. ಆ ಗಾಳಿಯ ಹೊಡೆತವೇ ಎಣ್ಣೆಯನ್ನು ಚೂರುಚೂರಾಗಿಸಿ ಸಿಲಿಂಡರಿನೊಳಕ್ಕೆ ಊದುತ್ತಿದ್ದಿತು. ಎಣ್ಣೆಯು ತೆಳುವಾಗಿರಲಿ, ಮಂದವಾಗಿರಲಿ ಗಾಳಿಯ ಹೊಡೆತಕ್ಕೆ ಅದು ಅಷ್ಟಾಗಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಪ್ಯಾರಿಸಿನಲ್ಲಿ ಕಡಲೆಕಾಯಿ ಎಣ್ಣೆಯು ತಡೆಯಿಲ್ಲದೆ ಉರಿದುದರ ಗುಟ್ಟು ಇಲ್ಲಿದೆ. ಆದರೆ ಆ ಸಂಪೀಡಕವು ಭಾರವಾದುದು, ಎಂಜಿನಿನ ಶಕ್ತಿಯಲ್ಲಿಯೇ ಒಂದು ಪಾಲನ್ನು ತಿನ್ನುವಂತಹುದು. ಕಾರ್ಖಾನೆಯ ನೆಲದ ಮೇಲೆ ನಿಂತ ಯಂತ್ರಕ್ಕಾಗಲಿ ಹಡಗಿಗಾಗಲಿ ಇದು ದೊಡ್ಡ ತೊಂದರೆಯಲ್ಲ; ಲಾರಿಯ ಮೇಲೆ ಅದನ್ನು ಹೊರಿಸುವುದು ಸಾಧ್ಯವಿರಲಿಲ್ಲ. ಗಾಳಿಯನ್ನು ಬಿಟ್ಟು, ಇಂಧನವನ್ನೇ ಪಂಪಿನಿಂದ ಒತ್ತಿ ಸೂಜಿಮೊನೆಯಂತಹ ರಂಧ್ರಗಳ ಮೂಲಕ ಚಿಮ್ಮಿಸುವ ಉಪಾಯವು ಕೈಗೂಡಿದ ಮೇಲೆಯೇ, ಎಂದರೆ ೧೯೨೩-೨೪ರ ಸುಮಾರಿಗೆ, ಜರ್ಮನಿಯ ಬೆಂಜ್ ಮತ್ತು ಮಾನ್ ಕಾರ್ಖಾನೆಗಳಿಂದ ಡೀಸೆಲ್ ಲಾರಿಗಳು ಹೊರಬಂದುವು. ೧೯೨೭ರಲ್ಲಿ ರಾಬರ್ಟ್ ಬಾಷನ ಕಾರ್ಖಾನೆಯು ಇಂತಹ ಪಂಪುಗಳನ್ನು ಹೆಚ್ಚಿನ ಸಂಖ್ಯೆಯಲ್ಲಿ ತಯಾರಿಸತೊಡಗಿದ ಬಳಿಕ ಡೀಸೆಲ್ ಲಾರಿಯು ಎಲ್ಲೆಡೆಗೂ ಹರಡಿತು.

ಈ ಬದಲಾವಣೆಯೊಡನೆ ಎಂಜಿನಿನ ನಾಲಗೆಯ ರುಚಿಯೂ ಬದಲಾಯಿತೆನ್ನಬೇಕು. ಪಂಪಿನ ಒತ್ತಡವೊಂದರಿಂದಲೇ ಇಂಧನವು ಒಡೆಯಬೇಕಾದರೆ ಅದು ತೆಳುವಾಗಿರಲೇಬೇಕು. ಎಷ್ಟು ತೆಳುವೆಂಬುದಕ್ಕೆ ಮಾರುಕಟ್ಟೆಯಲ್ಲಿದ್ದ ಖನಿಜ ಡೀಸೆಲೇ ಅಳತೆಗೋಲಾಯಿತು. ಪಂಪಿನ ದಂಡ, ನಾಜಲಿನ ಸೂಜಿ ಇವುಗಳ ಸಂದುಗಳನ್ನು ಮೈಕ್ರಾನುಗಳ ಲೆಕ್ಕದಲ್ಲಿ, ಎಂದರೆ ತಲೆಗೂದಲಿನ ದಪ್ಪದ ಎಷ್ಟೋ ಪಾಲು ಕಡಿಮೆಯಾಗಿ, ಆ ಇಂಧನಕ್ಕೆ ಹೊಂದುವಂತೆ ಉಜ್ಜಿ ಕೂರಿಸಿದರು. ಆದಕಾರಣ ಬೀಜದೆಣ್ಣೆಯನ್ನು ಲಾರಿಗೆ ಉಣಿಸುವುದೆಂದರೆ ಎಂಜಿನನ್ನು ಅದರ ಮೂಲಸ್ವಭಾವಕ್ಕೆ ಮರಳಿಸುವುದೆಂಬ ಮಾತು ಅರ್ಧಸತ್ಯ. ಲಾರಿಯ ಎಂಜಿನು ಎಂದೂ ೧೯೦೦ರ ಎಂಜಿನಾಗಿರಲಿಲ್ಲ. ಯಾವ ಗುಣದಿಂದ ಡೀಸೆಲ್ ಯಂತ್ರವು ಲಾರಿಯನ್ನೇರಲು ಸಮರ್ಥವಾಯಿತೋ ಅದೇ ಗುಣವು ಅದನ್ನು ಮಂದವಾದ ಎಣ್ಣೆಗೆ ಒಗ್ಗದಂತೆ ಮಾಡಿತು. ಹಿಂದೆ ಗಾಳಿಯು ಮಾಡುತ್ತಿದ್ದ ಕೆಲಸವನ್ನು ಈಗ ಬೇರೊಂದರಿಂದ ಮಾಡಿಸಬೇಕು. ಆ ಬೇರೊಂದು ಯಾವುದೆಂದರೆ ಉಷ್ಣ.

ಇವೆರಡು ದ್ರವಗಳ ಅಂತರವೆಷ್ಟೆಂಬುದನ್ನು ಅಂಕಿಗಳಲ್ಲಿ ನೋಡಬಹುದು. ದ್ರವವು ಹರಿಯುವುದಕ್ಕೆ ಒಡ್ಡುವ ತಡೆಗೆ ಶಾಸ್ತ್ರದಲ್ಲಿ ಸ್ನಿಗ್ಧತೆಯೆಂದು ಹೆಸರು. ಸೆಂಟಿಸ್ಟೋಕೆಂಬ ಮಾನದಲ್ಲಿ, ೪೦ ಡಿಗ್ರಿ ಸೆಂಟಿಗ್ರೇಡಿನ ಶಾಖದಲ್ಲಿ, ಡೀಸೆಲಿನ ಸ್ನಿಗ್ಧತೆಯು ೨ ರಿಂದ ೪½ರೊಳಗೆ ಇರುತ್ತದೆ. ಅದೇ ಶಾಖದಲ್ಲಿ ಕಡಲೆಕಾಯಿ, ಸೂರ್ಯಕಾಂತಿ, ಸೋಯಾ ಮುಂತಾದ ಎಣ್ಣೆಗಳದು ೩೦ ರಿಂದ ೪೦. ಹರಳೆಣ್ಣೆಯದು ಇನ್ನೂರನ್ನೂ ಮೀರುತ್ತದೆ. ಎಂದರೆ ಅಡಿಗೆಯ ಎಣ್ಣೆಯು ಡೀಸೆಲಿಗಿಂತ ಸುಮಾರು ಹತ್ತು ಪಾಲು ಮಂದ. ಇದಕ್ಕೆ ಕಾರಣವು ಅಣುಗಳ ಕಟ್ಟಡದಲ್ಲಿದೆ. ಡೀಸೆಲಿನಲ್ಲಿರುವುದು ಬಿಡಿಬಿಡಿಯಾದ ಹೈಡ್ರೋಕಾರ್ಬನ್ ಸರಪಳಿಗಳು. ಸಸ್ಯತೈಲದಲ್ಲಿಯಾದರೋ ಅಂತಹ ಮೂರು ಉದ್ದನೆಯ ಕೊಬ್ಬಿನಾಮ್ಲಗಳು ಗ್ಲಿಸರಿನ್ ಎಂಬ ಒಂದು ಗೂಟಕ್ಕೆ ಕಟ್ಟಲ್ಪಟ್ಟಿರುತ್ತವೆ. ಬಿಡಿದಾರಗಳು ಜಾರುವಂತೆ ಗಂಟುಹಾಕಿದ ದಾರಗಳು ಜಾರಲಾರವು.

ಆದರೆ ಎಣ್ಣೆಯು ಕಾದಂತೆ ಈ ಅಂತರವು ಬೇಗ ಕುಗ್ಗುತ್ತದೆ. ೭೦-೮೦ ಡಿಗ್ರಿಗೆ ಕಾಯಿಸಿದ ಅಡಿಗೆಯ ಎಣ್ಣೆಯ ಸ್ನಿಗ್ಧತೆ ೧೦-೧೫ರ ಆಸುಪಾಸಿಗೆ ಇಳಿಯುತ್ತದೆ. ಡೀಸೆಲಿನಷ್ಟು ತೆಳುವಾಗದಿದ್ದರೂ, ಗಟ್ಟಿಮುಟ್ಟಾದ ಹಳೆಯ ಪಂಪೊಂದು ಅದನ್ನು ಸಹಿಸಿ ಚಿಮ್ಮಿಸಬಲ್ಲದು. ಸುದೈವದಿಂದ ಲಾರಿಯಲ್ಲಿ ಅಷ್ಟು ಶಾಖವು ಪುಕ್ಕಟೆಯಾಗಿಯೇ ದೊರೆಯುವುದು: ಎಂಜಿನನ್ನು ತಂಪುಮಾಡಿ ರೇಡಿಯೇಟರಿಗೆ ಹೋಗುವ ನೀರು ೮೦-೯೦ ಡಿಗ್ರಿಯಷ್ಟು ಬಿಸಿಯಾಗಿರುತ್ತದೆ. ಮಾರ್ಪಾಟಿನ ಸಾರವೆಲ್ಲವೂ ಈ ನೀರನ್ನು ಎಣ್ಣೆಯ ಬಳಿಗೆ ಕರೆದೊಯ್ಯುವುದರಲ್ಲಿದೆ.

ಸಾಮಾನ್ಯವಾಗಿ ಅನುಸರಿಸುವ ಕ್ರಮವು ಎರಡು ತೊಟ್ಟಿಗಳದು. ಲಾರಿಯ ಮೂಲ ತೊಟ್ಟಿಯಲ್ಲಿ ಡೀಸೆಲು ಹಾಗೆಯೇ ಇರುತ್ತದೆ. ಕರಿದ ಎಣ್ಣೆಗಾಗಿ ಎರಡನೆಯ ತೊಟ್ಟಿಯನ್ನು ಕೂರಿಸಿ, ಅದರೊಳಗೆ ಬಿಸಿನೀರು ಸುತ್ತುವ ಸುರುಳಿಕೊಳವೆಯನ್ನು ಇಡುತ್ತಾರೆ. ತೊಟ್ಟಿಯಿಂದ ಎಂಜಿನಿಗೆ ಎಣ್ಣೆಯನ್ನೊಯ್ಯುವ ನಾಳವು ಬಿಸಿನೀರಿನ ನಾಳದೊಳಗೆ, ಇಲ್ಲವೆ ಅದಕ್ಕೆ ಅಂಟಿಕೊಂಡು, ಸಾಗುತ್ತದೆ. ನಡುವೆ ಇರುವ ಶೋಧಕಕ್ಕೂ ಬಿಸಿಯ ಹೊದಿಕೆ. ಪಂಪಿನ ಸಮೀಪದಲ್ಲಿ ನೀರಿನಿಂದ ಎಣ್ಣೆಗೆ ಶಾಖವನ್ನು ದಾಟಿಸುವ ಇನ್ನೊಂದು ಸಣ್ಣ ಸಾಧನ. ಡೀಸೆಲಿನ ನಾಳವೂ ಎಣ್ಣೆಯ ನಾಳವೂ ಒಂದು ಕವಾಟದಲ್ಲಿ ಕೂಡುತ್ತವೆ. ಚಾಲಕನ ಮುಂದಿರುವ ಗುಂಡಿಯಿಂದ ಆ ಕವಾಟವನ್ನು ಇತ್ತ ಅಥವಾ ಅತ್ತ ತಿರುಗಿಸಬಹುದು. ಪಂಪಿನಿಂದ ಹಿಂದಿರುಗುವ ಇಂಧನವು ತಪ್ಪು ತೊಟ್ಟಿಗೆ ಸೇರದಂತೆ ಹಿಂದಿರುಗುವ ದಾರಿಯನ್ನೂ ಅದೇ ಸಮಯಕ್ಕೆ ಬದಲಿಸಬೇಕಾಗುತ್ತದೆ. ಇದನ್ನು ಮರೆತು ಡೀಸೆಲ್ ತೊಟ್ಟಿಯನ್ನೇ ಎಣ್ಣೆಮಯ ಮಾಡಿಕೊಂಡವರು ಕಡಿಮೆಯಿಲ್ಲ.

ಓಡಿಸುವ ರೀತಿಯೂ ಇದಕ್ಕೆ ತಕ್ಕಂತೆ ಬದಲಾಗಬೇಕು. ಲಾರಿಯನ್ನು ಡೀಸೆಲಿನಿಂದ ಹೊರಡಿಸಿ, ನೀರು ಚೆನ್ನಾಗಿ ಕಾದು ಎಣ್ಣೆಯೂ ಕಾದಮೇಲೆ ಕವಾಟವನ್ನು ತಿರುಗಿಸಬೇಕು. ನಿಲ್ಲಿಸುವುದಕ್ಕೆ ಸ್ವಲ್ಪ ಮುಂಚೆ ಮತ್ತೆ ಡೀಸೆಲಿಗೆ ತಿರುಗಿಸಿ, ಪಂಪಿನಲ್ಲಿಯೂ ನಾಜಲಿನಲ್ಲಿಯೂ ಉಳಿದ ಎಣ್ಣೆಯು ಉರಿದು ತೀರುವವರೆಗೂ ಓಡಿಸಬೇಕು. ಹಾಗೆ ಮಾಡದಿದ್ದರೆ ರಾತ್ರಿ ತಣ್ಣಗಾದ ಎಣ್ಣೆಯು ಒಳಗೆ ಬಿಗಿದುಕೊಂಡು ಬೆಳಗ್ಗೆ ಎಂಜಿನು ಹೊರಡಲೊಲ್ಲದು. ಇದರಿಂದಲೇ ಈ ಪದ್ಧತಿಯು ದೂರಪ್ರಯಾಣದ ಲಾರಿಗಳಿಗೆ ಮಾತ್ರ ಒಪ್ಪುವಂತಹುದೆಂಬುದು ಸ್ಪಷ್ಟವಾಗುವುದು. ಊರೊಳಗೆ ಎರಡು ಮೈಲಿಗೊಮ್ಮೆ ನಿಂತು ಸಾಮಾನಿಳಿಸುವ ವಾಹನದಲ್ಲಿ ನೀರು ಕಾಯುವುದರೊಳಗೆ ಪ್ರಯಾಣವೇ ಮುಗಿದಿರುತ್ತದೆ.

ಸುರುಳಿಯನ್ನು ತಾಮ್ರದಿಂದ ಮಾಡುವ ಚಾಪಲ್ಯವು ಸಹಜ. ತಾಮ್ರವು ಶಾಖವನ್ನು ಚೆನ್ನಾಗಿ ದಾಟಿಸುವುದು, ಬಾಗಿಸುವುದಕ್ಕೂ ಸುಲಭ. ಆದರೆ ಬಿಸಿಯೆಣ್ಣೆಯು ಗಾಳಿಯೊಡನೆ ಸೇರಿ ಕೆಡುವ ಕ್ರಿಯೆಯನ್ನು ತಾಮ್ರವು ತ್ವರಿತಗೊಳಿಸುತ್ತದೆ. ಕಲಾಯಿಯಿಲ್ಲದ ತಾಮ್ರದ ಪಾತ್ರೆಯಲ್ಲಿ ತುಪ್ಪ ಎಣ್ಣೆಗಳನ್ನು ಇಡಬಾರದೆಂಬುದು ಮನೆಮನೆಯ ಹೆಂಗಸರಿಗೂ ತಿಳಿದ ಸಂಗತಿ. ಅಲ್ಯೂಮಿನಿಯಮ್ ಅಥವಾ ತುಕ್ಕುಹಿಡಿಯದ ಉಕ್ಕು ಇದಕ್ಕೆ ಮೇಲು.

ಇಷ್ಟೆಲ್ಲವೂ ಹೊಸ ಎಣ್ಣೆಗೂ ಕರಿದ ಎಣ್ಣೆಗೂ ಸಮಾನವಾದ ಮಾತು. ಕರಿದ ಎಣ್ಣೆಗೆ ತನ್ನದೇ ಆದ ಒಂದು ಪೂರ್ವಚರಿತ್ರೆಯುಂಟು, ತೊಡಕಿನ ಬಹುಭಾಗವು ಅಲ್ಲಿಯೇ ಇದೆ. ಬಾಣಲೆಯಲ್ಲಿ ಎಣ್ಣೆಯು ೧೭೦-೧೯೦ ಡಿಗ್ರಿಯಷ್ಟು ಕಾದಿರುವಾಗ ಅದರೊಳಕ್ಕೆ ಹಿಟ್ಟೂ ಉಪ್ಪೂ ನೀರೂ ಬೀಳುತ್ತವೆ. ನೀರು ಎಣ್ಣೆಯ ಅಣುವನ್ನು ಅದರ ಗೂಟದಿಂದ ಬಿಡಿಸಿ ಕೊಬ್ಬಿನಾಮ್ಲಗಳನ್ನು ಹೊರಗೆಡಹುತ್ತದೆ, ಎಣ್ಣೆಯು ಹುಳಿಯಾಗುತ್ತದೆ. ಗಾಳಿಯು ಅದನ್ನು ಕಮಟುಮಾಡುತ್ತದೆ. ದಿನಗಟ್ಟಲೆ ಮತ್ತೆಮತ್ತೆ ಕಾಯಿಸಿದಾಗ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಎಣ್ಣೆಯು ಮಂದವಾಗುತ್ತದೆ, ನೊರೆಗಟ್ಟುತ್ತದೆ. ಬಾಣಲೆಯ ಅಂಚಿನಲ್ಲಿ ಕೆರೆದರೂ ಬಿಡದ ಕಂದು ಜಿಡ್ಡು ಈ ಹೆಣಿಗೆಯ ಫಲ. ಎಂಜಿನಿನೊಳಗೆ ಮುಂದೆ ನಡೆಯಬಹುದಾದ ಅನರ್ಥದ ಮುನ್ಸೂಚನೆಯೂ ಅದೇ.

ಆದುದರಿಂದ ಎಣ್ಣೆಯನ್ನು ತೊಟ್ಟಿಗೆ ಸುರಿಯುವುದಕ್ಕೆ ಮುಂಚೆ ಅದನ್ನು ಶುದ್ಧಿಮಾಡುವ ಕೆಲಸವು ಮಾರ್ಪಾಟಿಗಿಂತಲೂ ದೊಡ್ಡದು. ಇದರಲ್ಲಿ ಮೊದಲನೆಯದಾದ ತಾಳ್ಮೆಯ ಸಾಧನವೇ ಅತ್ಯುತ್ತಮವಾದುದು. ಎಣ್ಣೆಯನ್ನು ಎತ್ತರದ ಪೀಪಾಯಿಯಲ್ಲಿ ತುಂಬಿ ಒಂದೆರಡು ವಾರ ಅಲುಗಿಸದೆ ಇಟ್ಟರೆ ನೀರೂ ಹಿಟ್ಟಿನ ಕರಿಕೂ ತಳಕ್ಕಿಳಿಯುತ್ತವೆ. ೬೦ ಡಿಗ್ರಿಯಷ್ಟು ಬೆಚ್ಚಗಿಟ್ಟರೆ ಇನ್ನೂ ಬೇಗ. ಮೇಲಿನ ತಿಳಿಯನ್ನು ಮಾತ್ರ ತೆಗೆದು, ಗಸಿಯನ್ನು ಬಿಟ್ಟು, ಬಟ್ಟೆಯಲ್ಲಿಯೂ ಆಮೇಲೆ ೫ ಮೈಕ್ರಾನಿಗಿಂತ ದೊಡ್ಡ ಕಣವನ್ನು ಬಿಡದ ಶೋಧಕದಲ್ಲಿಯೂ ಸೋಸಬೇಕು. ಉಪ್ಪೂ ನೀರೂ ಸೇರಿ ಪಂಪಿನ ನುಣುಪಾದ ಉಕ್ಕನ್ನು ತುಕ್ಕುಹಿಡಿಸುವುವಾದುದರಿಂದ ನೀರು ಪೂರ್ತಿ ಹೋಗಿದೆಯೇ ಎಂದು ನೋಡಿಕೊಳ್ಳಬೇಕು. ಅದಕ್ಕೆ ಪ್ರಯೋಗಶಾಲೆಯೇನೂ ಬೇಡ: ಚೆನ್ನಾಗಿ ಕಾದ ಕಾವಲಿಯ ಮೇಲೆ ಸ್ವಲ್ಪ ಎಣ್ಣೆಯನ್ನು ಬಿಟ್ಟಾಗ ಅದು ಚಟಪಟನೆ ಸಿಡಿದರೆ ನೀರಿದೆ, ಸದ್ದಿಲ್ಲದೆ ಹರಡಿದರೆ ಇಲ್ಲ. ಒಗ್ಗರಣೆ ಹಾಕುವವರು ನಿತ್ಯವೂ ಮಾಡುವ ಪರೀಕ್ಷೆಯಿದು.

ಯಾವ ಬೀಜದ ಎಣ್ಣೆಯೆಂಬುದೂ ಮುಖ್ಯ. ತೆಂಗಿನೆಣ್ಣೆಯು ೨೪-೨೫ ಡಿಗ್ರಿಯಲ್ಲಿಯೇ ಹೆಪ್ಪುಗಟ್ಟುವುದು. ತಾಳೆಯ ಎಣ್ಣೆಯೂ ಚಳಿಗೆ ಬೇಗ ಗಟ್ಟಿಯಾಗುವ ಜಾತಿಯದು. ಸೂರ್ಯಕಾಂತಿ, ಸೋಯಾ ಎಣ್ಣೆಗಳು ಚಳಿಯಲ್ಲಿಯೂ ಹರಿಯುತ್ತವೆ, ಆದರೆ ಅವು ಶಾಖಕ್ಕೂ ಗಾಳಿಗೂ ಸಿಕ್ಕಿದಾಗ ಅರಗಿನಂತೆ ಒಣಗುವ ಗುಣವುಳ್ಳವು. ಬಣ್ಣದ ಕೆಲಸದಲ್ಲಿ ಅಗಸೆಯೆಣ್ಣೆಯನ್ನು ಬಳಸುವುದು ಈ ಗುಣಕ್ಕಾಗಿಯೇ. ಹರಿಯುವುದು ಒಣಗುತ್ತದೆ, ಒಣಗದುದು ಹೆಪ್ಪುಗಟ್ಟುತ್ತದೆ. ಎರಡು ದೋಷಗಳೂ ಇಲ್ಲದ ಎಣ್ಣೆಯನ್ನು ಪ್ರಕೃತಿಯು ಕೊಟ್ಟಿಲ್ಲ. ಕಡಲೆಕಾಯಿ ಎಣ್ಣೆಯು ನಡುವಣದು. ಹೋಟೆಲಿನ ಹಿಂಬಾಗಿಲಲ್ಲಿ ದೊರೆಯುವ ಡಬ್ಬಿಯಲ್ಲಿ ಯಾವುದು ಎಷ್ಟಿದೆಯೆಂದು ಹೋಟೆಲಿನವನಿಗೇ ತಿಳಿಯದಿರುವುದು ಈ ಉದ್ಯಮದ ದೊಡ್ಡ ಅನಿಶ್ಚಯ.

ಇವುಗಳಲ್ಲಿ ಉದಾಸೀನತೆ ತೋರಿದರೆ ಒದಗುವ ಹಾನಿಯು ಒಂದೇ ದಿನದಲ್ಲಿ ಕಾಣಿಸಿಕೊಳ್ಳುವುದಿಲ್ಲ; ಮೋಸಹೋಗುವುದಕ್ಕೆ ಇದೇ ಕಾರಣ. ಮೊದಲ ನೂರು ಗಂಟೆಗಳು ಎಂಜಿನು ಸೊಗಸಾಗಿ ಓಡುತ್ತದೆ, ಹೊಗೆಯೂ ಕಡಿಮೆ ಕಾಣಬಹುದು. ಅಷ್ಟರಲ್ಲಿ ಪೂರ್ತಿ ಉರಿಯದ ಹನಿಗಳು ನಾಜಲಿನ ಬಾಯಲ್ಲಿ ಕಿಟ್ಟವಾಗಿ ಕೂತು ಚಿಮ್ಮುವ ಧಾರೆಯನ್ನು ಓರೆಮಾಡುತ್ತವೆ. ಓರೆಯಾದ ಧಾರೆಯಿಂದ ಇನ್ನಷ್ಟು ಕಿಟ್ಟ. ಪಿಸ್ಟನ್ನಿನ ಬಳೆಗಳು ಗಾಡಿಯಲ್ಲಿ ಅಂಟಿ ಬಿಗಿಯುತ್ತವೆ. ಅವುಗಳ ಪಕ್ಕದಿಂದ ನುಸುಳಿದ ಎಣ್ಣೆಯು ಎಂಜಿನಿನ ತಳದಲ್ಲಿರುವ ಜಾರೆಣ್ಣೆಯೊಡನೆ ಬೆರೆಯುತ್ತದೆ. ಡೀಸೆಲಾದರೆ ಅಲ್ಲಿಯ ಬಿಸಿಗೆ ಮೆಲ್ಲನೆ ಆವಿಯಾಗಿ ಹೋಗುತ್ತಿದ್ದಿತು. ಸಸ್ಯತೈಲವು ಆವಿಯಾಗುವುದಿಲ್ಲ, ಅಲ್ಲಿಯೇ ಉಳಿದು ಹೆಣೆದುಕೊಂಡು ಕಡೆಗೆ ಜಾರೆಣ್ಣೆಯನ್ನೇ ಅಂಟಾಗಿ ಮಾಡುತ್ತದೆ. ಆಗ ಎಂಜಿನು ಉಳಿಯದು. ೧೯೭೩ರ ತೈಲದ ಬಿಕ್ಕಟ್ಟಿನ ಬಳಿಕ ಅನೇಕ ದೇಶಗಳ ಕೃಷಿ ಎಂಜಿನಿಯರುಗಳು ಟ್ರ್ಯಾಕ್ಟರುಗಳಲ್ಲಿ ನಡೆಸಿದ ಪರೀಕ್ಷೆಗಳೆಲ್ಲವೂ, ಸಸ್ಯತೈಲದ ವಿಷಯವಾಗಿಯೇ ೧೯೮೨ರಲ್ಲಿ ಅಮೆರಿಕದ ಫಾರ್ಗೋ ನಗರದಲ್ಲಿ ಸೇರಿದ ಸಮ್ಮೇಳನವೂ, ಅಲ್ಪಕಾಲದ ಯಶಸ್ಸನ್ನು ದೀರ್ಘಕಾಲದ ಯೋಗ್ಯತೆಯೆಂದು ಭ್ರಮಿಸಬಾರದೆಂಬುದನ್ನು ಸ್ಪಷ್ಟಪಡಿಸಿದುವು. ಅನುಭವಿಗಳು ಜಾರೆಣ್ಣೆಯನ್ನು ವಾಡಿಕೆಯ ಅರ್ಧ ಅವಧಿಗೇ ಬದಲಿಸುವುದು ಇದಕ್ಕಾಗಿಯೇ.

ಲಾರಿಯನ್ನು ಎಣ್ಣೆಗೆ ಹೊಂದಿಸುವುದರ ಬದಲು ಎಣ್ಣೆಯನ್ನೇ ಲಾರಿಗೆ ಹೊಂದಿಸುವ ಇನ್ನೊಂದು ಮಾರ್ಗವುಂಟು. ಎಣ್ಣೆಯೊಡನೆ ಮದ್ಯಸಾರದ ಜಾತಿಯ ದ್ರವವನ್ನೂ ತುಸು ಕ್ಷಾರವನ್ನೂ ಬೆರೆಸಿ ಬಿಸಿಮಾಡಿದರೆ ಮೂರು ಕೊಬ್ಬಿನಾಮ್ಲಗಳೂ ಗ್ಲಿಸರಿನ್ ಗೂಟದಿಂದ ಕಳಚಿಕೊಂಡು ಬಿಡಿಬಿಡಿಯಾಗುತ್ತವೆ, ಗ್ಲಿಸರಿನ್ನು ತಳಕ್ಕಿಳಿಯುತ್ತದೆ. ಮೇಲುಳಿದುದೇ ಬಯೋಡೀಸೆಲ್, ಅದರ ಸ್ನಿಗ್ಧತೆ ೪-೫ ಮಾತ್ರ. ಬ್ರಸೆಲ್ಸ್ ವಿಶ್ವವಿದ್ಯಾಲಯದ ಜಿ. ಶವಾನನು ೧೯೩೭ರಲ್ಲಿ ಇದಕ್ಕೆ ಬೆಲ್ಜಿಯಮ್ಮಿನ ಹಕ್ಕುಪತ್ರವನ್ನು ಪಡೆದನು. ತಾಳೆಯ ಎಣ್ಣೆಯಿಂದ ಹಾಗೆ ತಯಾರಿಸಿದ ಇಂಧನದಿಂದ ೧೯೩೮ರಲ್ಲಿ ಬ್ರಸೆಲ್ಸಿಗೂ ಲೂವೆನಿಗೂ ನಡುವೆ ಬಸ್ಸೊಂದು ಓಡಿತು. ಲಾರಿಯಲ್ಲಿ ಏನನ್ನೂ ಬದಲಿಸಬೇಕಾಗಿಲ್ಲದಿರುವುದು ಈ ಮಾರ್ಗದ ಅನುಕೂಲ. ಆದರೆ ಇದರಲ್ಲಿ ಸಾಮಾನ್ಯವಾಗಿ ಬಳಸುವ ಮೆಥನಾಲು ವಿಷ, ಬೇಗ ಹೊತ್ತಿಕೊಳ್ಳುವಂತಹುದೂ ಹೌದು. ಮನೆಯ ಹಿತ್ತಿಲಲ್ಲಿ ಮಾಡತಕ್ಕ ಕೆಲಸವಲ್ಲ.

ಕರ್ನಾಟಕದಲ್ಲಿ ಇದಕ್ಕೆ ನೆರೆಯ ಪ್ರಯೋಗವೊಂದು ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಉಡುಪಿ ಶ್ರೀನಿವಾಸರು ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಹೊಂಗೆಯೆಣ್ಣೆಯಿಂದ ಡೀಸೆಲ್ ಎಂಜಿನುಗಳನ್ನು ನಡೆಸಿ ಹಳ್ಳಿಗಳಿಗೆ ವಿದ್ಯುತ್ತನ್ನೂ ನೀರನ್ನೂ ಒದಗಿಸುವ ಕಾರ್ಯವನ್ನು ಕೈಗೊಂಡರು. ಹೊಂಗೆಯೆಣ್ಣೆಯು ತಿನ್ನುವ ಎಣ್ಣೆಯಲ್ಲ, ಹಿಂದಿನಿಂದಲೂ ದೀಪಕ್ಕೆ ಸಂದುದು; ಹಿಂಡಿಯು ಗೊಬ್ಬರವಾಗುತ್ತದೆ. ನೆಲದ ಮೇಲೆ ನಿಂತು ಒಂದೇ ಭಾರವನ್ನು ಒಂದೇ ವೇಗದಲ್ಲಿ ಎಳೆಯುವ ಎಂಜಿನು ಸದಾ ಬಿಸಿಯಾಗಿರುವುದರಿಂದ ಅಲ್ಲಿ ಎಣ್ಣೆಯು ಚೆನ್ನಾಗಿ ಉರಿಯುತ್ತದೆ. ಸಂತೆಯ ಜನಸಂದಣಿಯಲ್ಲಿ ಅರ್ಧಗಂಟೆ ಸುಮ್ಮನೆ ಗುರುಗುಟ್ಟುತ್ತ ನಿಲ್ಲುವ ಲಾರಿಯ ಎಂಜಿನಿಗೆ ಆ ಅನುಕೂಲವಿಲ್ಲ. ಹಳ್ಳಿಯ ವಿದ್ಯುಜ್ಜನಕದಲ್ಲಿ ಕಂಡ ಫಲವನ್ನು ಲಾರಿಗೆ ಹಾಗೆಯೇ ಅನ್ವಯಿಸುವುದು ಸರಿಯಾಗದು.

ಜರ್ಮನಿಯಲ್ಲಿ ಈ ಶೋಧವು ಹೆಚ್ಚು ಶಾಸ್ತ್ರೀಯವಾಗಿ ನಡೆಯಿತು. ಲೂಡ್ವಿಗ್ ಎಲ್ಸ್‌ಬೆಟ್ಟನು ಸಸ್ಯತೈಲವನ್ನು ನೇರವಾಗಿ ಸುಡಬಲ್ಲ ಎಂಜಿನನ್ನೇ ರೂಪಿಸಿದನು. ಈ ಶತಮಾನದ ಮೊದಲ ವರ್ಷಗಳಲ್ಲಿ ಅಲ್ಲಿಯ ಸರಕಾರವು ನೂರಕ್ಕೂ ಹೆಚ್ಚು ಟ್ರ್ಯಾಕ್ಟರುಗಳನ್ನು ಸಾಸುವೆಯ ಜಾತಿಯ ರೇಪ್‌ಬೀಜದ ಎಣ್ಣೆಗೆ ಮಾರ್ಪಡಿಸಿ ಪರೀಕ್ಷಿಸಿತು. ಹಲವು ನಿರಾತಂಕವಾಗಿ ಓಡಿದುವು, ಕೆಲವು ಕೆಟ್ಟುವು. ಎಣ್ಣೆಯ ಶುದ್ಧತೆಯಲ್ಲಿನ ವ್ಯತ್ಯಾಸವು ಮುಖ್ಯ ಕಾರಣಗಳಲ್ಲೊಂದಾದುದರಿಂದ ಅಲ್ಲಿ ಇಂಧನವಾಗಿ ಬಳಸುವ ಎಣ್ಣೆಗೆ ಪ್ರತ್ಯೇಕವಾದ ಮಾನಕವು ಏರ್ಪಟ್ಟಿತು. ಗಮನಿಸತಕ್ಕುದೇನೆಂದರೆ ಅದು ಹೊಸ ಎಣ್ಣೆಗೆ ಮಾತ್ರ ಅನ್ವಯಿಸುತ್ತದೆ. ಕರಿದ ಎಣ್ಣೆಯನ್ನು ಯಾವ ಮಾನಕಕ್ಕೂ ಕಟ್ಟುವುದು ಕಷ್ಟ. ೨೦೦೮ರಿಂದ ಈ ಎಣ್ಣೆಗೂ ಹಂತಹಂತವಾಗಿ ತೆರಿಗೆ ಬೀಳಲು ಲಾರಿಗಳ ಮಾಲಿಕರಲ್ಲಿ ಬಹುಮಂದಿ ಡೀಸೆಲಿಗೆ ಮರಳಿದರು. ಇಂಗ್ಲೆಂಡಿನಲ್ಲಿ ೨೦೦೭ರಲ್ಲಿ ವರ್ಷಕ್ಕೆ ೨,೫೦೦ ಲೀಟರಿನೊಳಗೆ ಜೈವಿಕ ಇಂಧನವನ್ನು ತಯಾರಿಸುವ ಅಥವಾ ಬಳಸುವವರಿಗೆ ಸುಂಕದಿಂದ ವಿನಾಯಿತಿ ದೊರೆಯಿತು. ಭಾರತದಲ್ಲಿ ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ವಿಧಿಯ ಮೇರೆಗೆ, ನೋಂದಣಿಯ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ಅಂತಹ ಬದಲಾವಣೆಗೆ ಅಧಿಕಾರಿಗಳ ಒಪ್ಪಿಗೆ ಬೇಕು.

ಎಣ್ಣೆಯು ಸಾಲುವುದೇ ಎಂಬ ಪ್ರಶ್ನೆಯೂ ಸಣ್ಣದಲ್ಲ. ಲೀಟರಿಗೆ ೪ ಕಿಲೋಮೀಟರು ಓಡುವ ಲಾರಿಯು ದಿನಕ್ಕೆ ೨೦೦ ಕಿಲೋಮೀಟರು ಹೋಗುವುದಾದರೆ ೫೦ ಲೀಟರು ಬೇಕು. ಅಂಗಡಿಯೊಂದು ದಿನಕ್ಕೆ ೨ ಲೀಟರು ಬಿಸಾಡುವುದೆಂದಿಟ್ಟುಕೊಂಡರೂ ಒಂದು ಲಾರಿಗೆ ೨೫ ಅಂಗಡಿಗಳು. ಒಂದು ಊರಿನ ಎಲ್ಲ ಹೋಟೆಲುಗಳೂ ಸೇರಿ ಕೈಬೆರಳಿನಲ್ಲಿ ಎಣಿಸುವಷ್ಟು ಲಾರಿಗಳನ್ನು ಓಡಿಸಬಹುದು, ಊರಿನ ಲಾರಿಗಳನ್ನೆಲ್ಲ ಅಲ್ಲ. ಹಾಗೆಂದು ಈ ಎಣ್ಣೆಯು ಅಲ್ಪವಸ್ತುವೆಂದು ತಳ್ಳಿಹಾಕುವಂತೆಯೂ ಇಲ್ಲ. ಏಕೆಂದರೆ ಲಾರಿಗೆ ಹೋಗದ ಎಣ್ಣೆಯು ಚರಂಡಿಗೆ ಹೋಗುತ್ತದೆ, ಇಲ್ಲವೆ ಅಗ್ಗದ ಬೆಲೆಗೆ ಮಾರಾಟವಾಗಿ ಇನ್ನೊಂದು ಬಾಣಲೆಗೆ, ಕೊನೆಗೆ ಬಡವರ ಹೊಟ್ಟೆಗೆ ಹೋಗುತ್ತದೆ. 

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ೨೦೧೮ರ ಜುಲೈ ೧ರಿಂದ ಕಾಯಿಸಿ ಕೆಟ್ಟ ಎಣ್ಣೆಗೆ ಒಂದು ಮಿತಿಯನ್ನು ವಿಧಿಸಿತು: ಕಾಯುವಿಕೆಯಿಂದ ಹುಟ್ಟುವ ಧ್ರುವೀಯ ಪದಾರ್ಥಗಳು ನೂರಕ್ಕೆ ೨೫ನ್ನು ಮೀರಿದರೆ ಆ ಎಣ್ಣೆಯು ಅಡಿಗೆಗೆ ಅಯೋಗ್ಯ. ಅದೇ ವರ್ಷ ಆಗಸ್ಟ್ ೧೦ರಂದು ಅಂತಹ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಕಾರ್ಖಾನೆಗಳಿಗೆ ಕಳುಹಿಸುವ ಯೋಜನೆಯನ್ನೂ ಆರಂಭಿಸಿತು. ಚರಿತ್ರೆಗೆ ಒಪ್ಪದ ದಿನಾಂಕವಾದರೂ ಅದಕ್ಕೆ ಸೇರಿಸಿದ ಕಾರ್ಯವು ಒಳ್ಳೆಯದೆನ್ನಲು ಅಡ್ಡಿಯಿಲ್ಲ.

ಎರಡು ತೊಟ್ಟಿಯ ಲಾರಿಗಾದರೋ ಕಾಲವು ಹಿಂದೆ ಸರಿಯುತ್ತಿದೆ. ಈ ಮಾರ್ಪಾಟನ್ನು ಸಹಿಸಿದುವೆಲ್ಲ ಯಾಂತ್ರಿಕ ಪಂಪಿನ ಹಳೆಯ ಎಂಜಿನುಗಳು. ಈಚಿನ ಎಂಜಿನುಗಳಲ್ಲಿ ಎಲ್ಲ ಸಿಲಿಂಡರುಗಳಿಗೂ ಸಾಮಾನ್ಯವಾದ ಒಂದು ನಳಿಗೆಯಲ್ಲಿ ಇಂಧನವನ್ನು ೧,೬೦೦ ವಾಯುಭಾರಕ್ಕೂ ಮಿಗಿಲಾಗಿ ಒತ್ತಿಟ್ಟು, ಒಂದೇ ಹೊಡೆತದಲ್ಲಿ ಹಲವು ಸಲ ಬಿಡಿಸಿಬಿಡಿಸಿ ಚಿಮ್ಮಿಸುತ್ತಾರೆ. ಎಷ್ಟು, ಯಾವಾಗ ಎಂಬುದನ್ನು ನಿರ್ಣಯಿಸುವ ವಿದ್ಯುತ್ಸಾಧನವು ಡೀಸೆಲಿನ ಗುಣಗಳನ್ನು ಮಾತ್ರ ಬಲ್ಲುದು. ೨೦೨೦ರ ಏಪ್ರಿಲ್ ೧ರಿಂದ ಭಾರತದಲ್ಲಿ ಜಾರಿಗೆ ಬಂದ ಆರನೆಯ ಹಂತದ ಹೊಗೆನಿಯಮಗಳ ಪ್ರಕಾರ ಹೊಸ ಡೀಸೆಲ್ ವಾಹನಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಜರಡಿಯಿರುತ್ತದೆ. ಆ ಮಸಿಯನ್ನು ಸುಡುವುದಕ್ಕಾಗಿ ಕೆಲವು ಎಂಜಿನುಗಳು ಹೊಡೆತದ ಕೊನೆಯಲ್ಲಿ ಇನ್ನಷ್ಟು ಇಂಧನವನ್ನು ಸಿಲಿಂಡರಿಗೆ ಬಿಡುತ್ತವೆ. ಡೀಸೆಲು ಆವಿಯಾಗಿ ಜರಡಿಯನ್ನು ಸೇರುವುದು. ಸಸ್ಯತೈಲವು ಗೋಡೆಯಿಂದ ಜಾರಿ ತಳದ ಜಾರೆಣ್ಣೆಗೆ ಇಳಿಯುವುದು.